ಬದಿಯಡ್ಕದ ಇಪ್ಪತ್ತು ಸೆಂಟ್ಸ್: ಅಪ್ಪನ ಮನೆ ಮಗನ ಹೆಸರಿಗೆ ಬಂದಾಗ ತೆರಿಗೆ ಎಲ್ಲಿ ಅಡಗಿತ್ತು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಕುಂಬಳೆ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋದರೆ ಸಿಗುವ ಜಾಗ. ಇಪ್ಪತ್ತು ಸೆಂಟ್ಸ್, ಅದರಲ್ಲಿ 1,350 ಚದರಡಿಯ ಕೆಂಪುಕಲ್ಲಿನ ಮನೆ. ಜಾಗ ತೆಗೆದದ್ದು 1988ರಲ್ಲಿ, 40,000 ರೂಪಾಯಿಗೆ. ಮನೆ ಕಟ್ಟಿ ಮುಗಿದದ್ದು 1993ರಲ್ಲಿ, ಖರ್ಚು 2,60,000. 2012ರ ಮಳೆಗಾಲ ಕಳೆದ ಮೇಲೆ ಹಂಚು ಇಳಿಸಿ ಆರ್‌ಸಿಸಿ ಹಾಕಿ, ಮೇಲೊಂದು ಕೋಣೆ ಎಬ್ಬಿಸಿದಾಗ ಇನ್ನೂ 5 ಲಕ್ಷ ಹೋಯಿತು. ಆಧಾರ ಅಪ್ಪನ ಹೆಸರಿನಲ್ಲಿ. (ಕಾಸರಗೋಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ಇಲ್ಲಿ ಆಧಾರ ಎಂದರೆ ಕಾರ್ಡ್ ಅಲ್ಲ, ನೋಂದಾಯಿತ ದಸ್ತಾವೇಜು.) ಅಪ್ಪನಿಗೆ 76, ಅಮ್ಮನಿಗೆ 70. ಮಗ ಬೆಂಗಳೂರಿನಲ್ಲಿ ನೌಕರಿ, ವರ್ಷಕ್ಕೆ 8 ಲಕ್ಷ ಸಂಬಳ. ಮಗಳು ಮದುವೆಯಾಗಿ ಅಬುಧಾಬಿಯಲ್ಲಿ.

ಕುಟುಂಬ ಮಾದರಿಯದು, ಅಂಕಿಗಳನ್ನು ಲೆಕ್ಕ ಸಲೀಸಾಗಲೆಂದು ದುಂಡಗೆ ಮಾಡಿದೆ. ಆದರೆ ಇಲ್ಲಿ ಬರುವ ಒಂದೊಂದು ತಪ್ಪೂ ಗಡಿನಾಡಿನ ಮನೆಗಳಲ್ಲಿ ದಿನವೂ ನಡೆಯುವಂಥದ್ದು.

ಒಂದು ವಿಷಯ ಮೊದಲೇ ಖಚಿತವಾಗಬೇಕು. ಈ ಮನೆ ಅಪ್ಪನ ಸ್ವಯಾರ್ಜಿತ. ತರವಾಡು ಮನೆ, ಅಂದರೆ ಕುಟುಂಬದ ಎಲ್ಲರಿಗೂ ಸೇರಿದ ಹಿರಿಯರ ಮನೆ ಆಗಿದ್ದರೆ ಕತೆಯೇ ಬೇರೆ. 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕೇರಳದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದು ಕಾಯ್ದೆ ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿಯ) ಕುಟುಂಬದವರನ್ನೂ ಸಹಮಾಲೀಕರನ್ನಾಗಿ ಮಾಡಿಬಿಟ್ಟಿತು. ಅಂಥ ಮನೆಯನ್ನು ಯಜಮಾನ ಒಬ್ಬನೇ ಕೂತು ದಾನ ಕೊಡಲಾರ, ತನ್ನ ಪಾಲನ್ನಷ್ಟೇ ಕೊಡಬಹುದು. ಅಜ್ಜನ ಹೆಸರಿನ ಮುನ್ನಾಧಾರ (ಹಿಂದಿನ ದಸ್ತಾವೇಜು) ಕೈಗೆ ಬಂದರೆ ಮುಂದೆ ಹೋಗುವ ಮೊದಲು ವಕೀಲರ ಹತ್ತಿರ ಹೋಗುವುದೇ ಸರಿ.

2023ರ ಡಿಸೆಂಬರ್: ಕ್ರಯವೋ, ದಾನವೋ

ಅಪ್ಪನ ಮೊದಲ ಯೋಚನೆ ಮಗನಿಗೆ 15 ಲಕ್ಷಕ್ಕೆ ಕ್ರಯ ಮಾಡಿಕೊಡುವುದು. "ಕ್ರಯ ಅಂದ್ರೆ ಕ್ರಯ, ನಾಳೆ ಯಾರೂ ಬಾಯಿ ತೆಗೀಲಿಕ್ಕಿಲ್ಲ" ಎಂಬುದು ಅವರ ವಾದ. ನಮ್ಮ ಕಡೆ ಹಿರಿಯರಲ್ಲಿ ಈ ನಂಬಿಕೆ ಗಟ್ಟಿ: ದಾನವನ್ನು ಪ್ರಶ್ನಿಸಬಹುದು, ಕ್ರಯವನ್ನು ಆಗದು ಎಂದು. ತೆರಿಗೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ.

ಆ ದಿನ ಸರಕಾರಿ ಲೆಕ್ಕದಲ್ಲಿ ಜಾಗದ ಫೇರ್ ವ್ಯಾಲ್ಯೂ 28 ಲಕ್ಷ, ಕಟ್ಟಡ 14 ಲಕ್ಷ, ಒಟ್ಟು 42 ಲಕ್ಷ. ಕೇರಳದಲ್ಲಿ ಕ್ರಯಕ್ಕೆ ಸ್ಟಾಂಪ್ ಡ್ಯೂಟಿ ಶೇ. 8, ನೋಂದಣಿ ಶುಲ್ಕ ಶೇ. 2. ಆಧಾರದಲ್ಲಿ 15 ಲಕ್ಷ ಎಂದು ಬರೆದರೂ ಡ್ಯೂಟಿ, ಶುಲ್ಕ ಎರಡನ್ನೂ ಕಟ್ಟುವುದು 42 ಲಕ್ಷಕ್ಕೆ, ಅಂದರೆ 4,20,000 ರೂಪಾಯಿ. ಆದಾಯ ತೆರಿಗೆಯವರೂ 15 ಲಕ್ಷವನ್ನು ಕೇಳುವುದಿಲ್ಲ. ಡ್ಯೂಟಿಗೆ ಹಿಡಿದ ಬೆಲೆ, ಅಂದರೆ ಸ್ಟಾಂಪ್ ಮೌಲ್ಯ, ಆಧಾರದಲ್ಲಿ ಬರೆದ ಬೆಲೆಯ ಶೇ. 110ನ್ನು ದಾಟಿದರೆ, 50ಸಿ ಕಲಂ ಪ್ರಕಾರ ಸ್ಟಾಂಪ್ ಮೌಲ್ಯವೇ ಮಾರಿದ ಬೆಲೆ. 15 ಲಕ್ಷದ ಶೇ. 110 ಎಂದರೆ 16.5 ಲಕ್ಷ, 42 ಎಲ್ಲಿ, 16.5 ಎಲ್ಲಿ? ಕೈಗೆ 15 ಲಕ್ಷ ಬಂದ ಅಪ್ಪ 42 ಲಕ್ಷಕ್ಕೆ ಮಾರಿದವರಂತೆ ತೆರಿಗೆ ಕಟ್ಟಬೇಕು. ಕಾಗದಪತ್ರ ಎಲ್ಲ ಸರಿಯಿದ್ದರೆ 1,13,568 ರೂಪಾಯಿ, ಇಲ್ಲದಿದ್ದರೆ 6,56,448. ಒಂದೇ ಮನೆ, ಒಂದೇ ದಿನ, ಎರಡು ಅಂಕಿ. ಈ ಅಂತರ ಎಲ್ಲಿಂದ ಬಂತು ಎಂಬುದೇ ಈ ಪ್ರಕರಣದ ತಿರುಳು, ಅದಕ್ಕೆ ಆಮೇಲೆ ಬರೋಣ.

ದಾನ ಕೊಟ್ಟರೆ? ಆದಾಯ ತೆರಿಗೆ ಕಾಯ್ದೆಯ 47(iii) ಕಲಂ ದಾನವನ್ನೂ ಉಯಿಲನ್ನೂ ವರ್ಗಾವಣೆ ಎಂದೇ ಲೆಕ್ಕಿಸುವುದಿಲ್ಲ. ಅಪ್ಪನಿಗೆ ಕ್ಯಾಪಿಟಲ್ ಗೇನ್ಸ್ (ಆಸ್ತಿ ಮಾರಿದ ಲಾಭ) ಸೊನ್ನೆ. ಮಗನಿಗೆ ಬಂದ 42 ಲಕ್ಷದ ಆಸ್ತಿ ಆದಾಯವೂ ಅಲ್ಲ, ಏಕೆಂದರೆ 56(2)(x) ಕಲಂ ಹೆತ್ತವರಿಂದ ಬಂದದ್ದನ್ನು ಹೊರಗಿಟ್ಟಿದೆ. ಸ್ಟಾಂಪ್ ಡ್ಯೂಟಿಯೂ ಮನೆಯೊಳಗಿನ ದಾನಕ್ಕೆ, ಧನನಿಶ್ಚಯಾಧಾರಕ್ಕೆ (ಸೆಟಲ್‌ಮೆಂಟ್ ಪತ್ರಕ್ಕೆ) ಕ್ರಯದ ದರದ ಸಣ್ಣ ಪಾಲು ಮಾತ್ರ. ಮಗ ಬೆಂಗಳೂರಿನವನಾದರೂ ಕರ್ನಾಟಕದ ದರ ಇಲ್ಲಿ ನಡೆಯುವುದಿಲ್ಲ, ಆಸ್ತಿ ಇರುವ ರಾಜ್ಯದ್ದೇ ಕಾನೂನು.

ಉಯಿಲು ಬರೆದಿಟ್ಟರೂ ತೆರಿಗೆಯ ಫಲ ಇದೇ. ನಿಜ ಹೇಳಬೇಕೆಂದರೆ, ಅವಸರದ ಕಾರಣವಿಲ್ಲದ ಮನೆಗಳಿಗೆ ಉಯಿಲೇ ಒಳ್ಳೆಯದು. ಬೇಕೆನಿಸಿದಾಗ ಬದಲಿಸಬಹುದು, ಡ್ಯೂಟಿ ಇಲ್ಲ. ಈ ಮನೆಯಲ್ಲಿ ದಾನಕ್ಕೆ ಕಾರಣವಿತ್ತು: ಅಪ್ಪನ ಕಣ್ಣೆದುರೇ ಮಕ್ಕಳಿಬ್ಬರ ಪಾಲು ಇತ್ಯರ್ಥವಾಗಬೇಕಿತ್ತು.

ಕರಡು ಓದಿದಾಗ ಸಿಕ್ಕಿದ ಮೂರು ಸಾಲು

ಆಧಾರ ಬರೆಯುವವರ ಮೊದಲ ಕರಡಿನಲ್ಲಿ ಹೀಗಿತ್ತು: "ಸದ್ರಿ ಸ್ವತ್ತನ್ನು ಪಡೆದುದಕ್ಕಾಗಿ ಮಗನು ತನ್ನ ತಂಗಿಗೆ 12 ಲಕ್ಷ ರೂಪಾಯಿ ಕೊಡತಕ್ಕದ್ದು." ನೋಡಲು ನ್ಯಾಯವಾದ ಮಾತು. ಆದರೆ ದಾನ ಎಂದರೆ ಪ್ರತಿಫಲವಿಲ್ಲದ ವರ್ಗಾವಣೆ. ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಂ ಹೇಳುವುದೇ ಅದನ್ನು. ಅಪ್ಪ ಹೇಳಿದವರಿಗೆ ಕೊಟ್ಟ ಹಣವೂ ಪ್ರತಿಫಲವೇ ಆಗುತ್ತದೆ. ಈ ಒಂದು ಸಾಲು ದಾನವನ್ನು ಕ್ರಯದ ಕಡೆಗೆ ವಾಲಿಸಿ, 50ಸಿ ಕಲಮನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆಯುತ್ತದೆ. ಅಪ್ಪನ ಹೆಸರಿನಲ್ಲಿ 12 ಲಕ್ಷದ ಠೇವಣಿ ಇತ್ತು. ಅದನ್ನು ಮುರಿದು ಅವರೇ ಮಗಳ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಇಲ್ಲಿ ಇಡುವ ರೂಪಾಯಿ ಖಾತೆ) ದಾನವಾಗಿ ಕಳಿಸಿದರು. ಮನೆ ಮಗನಿಗೆ, ಹಣ ಮಗಳಿಗೆ. ಎರಡೂ ಅಪ್ಪನಿಂದ ನೇರ, ಒಂದಕ್ಕೊಂದು ಗಂಟು ಹಾಕದೆ. ಆ ಸಾಲನ್ನು ಬರೀ ಅಳಿಸಿ, ಮಗನಿಂದಲೇ ಒಳಗೊಳಗೆ ಹಣ ಕೊಡಿಸುವುದನ್ನು ಜಾಣತನ ಎಂದುಕೊಳ್ಳುವವರಿದ್ದಾರೆ. ಬ್ಯಾಂಕ್ ಪುಸ್ತಕದ ತಾರೀಕುಗಳು ಬಾಯಿಬಿಡುತ್ತವೆ.

ಎರಡನೆಯ ಸಾಲು ಸೊಸೆಯದು. "ಅವಳ ಹೆಸರೂ ಇರಲಿ" ಎಂದು ಮಗ–ಸೊಸೆ ಇಬ್ಬರಿಗೂ ಜಂಟಿಯಾಗಿ ಬರೆಯುವ ಸಲಹೆ ಬಂದಿತ್ತು. ಪ್ರಾಯಕ್ಕೆ ಬಂದ ಮಗನಿಗೆ ಕೊಟ್ಟ ಆಸ್ತಿಯ ಆದಾಯ ಮಗನದೇ. ಸೊಸೆಗೆ ಕೊಟ್ಟದ್ದರ ಬಾಡಿಗೆಯಾಗಲಿ, ಮುಂದೆ ಮಾರಿದಾಗಿನ ಲಾಭವಾಗಲಿ 64ನೇ ಕಲಂ ಪ್ರಕಾರ ಮಾವನ ಆದಾಯಕ್ಕೆ ಸೇರುತ್ತದೆ. ಸೊಸೆಗೆ ಗೌರವ ಕೊಡುವುದಕ್ಕೆ ಬೇರೆ ದಾರಿಗಳಿವೆ.

ಮೂರನೆಯದು ಕರಡಿನಲ್ಲಿ ಇಲ್ಲದ ಸಾಲು. ಅಪ್ಪ ಅಮ್ಮ ಇಬ್ಬರಿಗೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸದ ಹಕ್ಕು, ಜೊತೆಗೆ ಮಗ ಅವರ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತು. ದಾನ ಕೊಟ್ಟವರು ಜೀವಿತಾವಧಿಗೆ ಸ್ವಾಧೀನ ಇಟ್ಟುಕೊಂಡರೂ ದಾನ ಊರ್ಜಿತ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ರೇಣಿಕುಂಟ್ಲ ರಾಜಮ್ಮ ಪ್ರಕರಣದಲ್ಲಿ ಹೇಳಿದೆ. ನೋಡಿಕೊಳ್ಳುವ ಷರತ್ತು ಏಕೆಂದರೆ, ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಅಡಿ ಟ್ರಿಬ್ಯೂನಲ್ ದಾನವನ್ನು ರದ್ದು ಮಾಡಬೇಕಾದರೆ ಅಂಥ ಷರತ್ತು ಇದ್ದದ್ದು ಕಾಣಬೇಕು. 2022ರ ಸುದೇಶ್ ಛಿಕಾರಾ ತೀರ್ಪು ಇದನ್ನು ಒತ್ತಿ ಹೇಳಿತು. ಸೇವೆಯ ಷರತ್ತು ಹಣದ ಪ್ರತಿಫಲವಲ್ಲ, ತೆರಿಗೆಯ ಲೆಕ್ಕವನ್ನು ಕೆಡಿಸುವುದಿಲ್ಲ.

ಇಬ್ಬರು ಸಾಕ್ಷಿಗಳ ಸಹಿ, ಅಪ್ಪ ಬದುಕಿರುವಾಗಲೇ ಮಗ ಸ್ವೀಕರಿಸಿದ್ದಾನೆ ಎಂಬ ಮಾತು ಆಧಾರದಲ್ಲಿರಬೇಕು. ಸಹಿ ಮಾಡಿದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು.

ನೋಂದಣಿಯಾದ ಮೇಲೆ ಹೆಚ್ಚಿನವರು ಮರೆಯುವುದು ಪೋಕ್ಕುವರವು, ಅಂದರೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಿಸುವುದು. ವಿಲ್ಲೇಜ್ ಆಫೀಸಿನಲ್ಲಿ ತಂಡಪೇರು (ಭೂ ತೆರಿಗೆಯ ಖಾತೆ) ಮಗನ ಹೆಸರಿಗೆ ಬಂದು, ಭೂ ತೆರಿಗೆ ರಶೀದಿ ಅವನ ಹೆಸರಿನಲ್ಲಿ ಹರಿದ ಮೇಲೆಯೇ ಪಂಚಾಯತಿನಲ್ಲಿ ಕಟ್ಟಡದ ಹೆಸರು ಬದಲಿಸಿ, ಕೆಎಸ್‌ಇಬಿಯ ವಿದ್ಯುತ್ ಮೀಟರಿನ ಹೆಸರು ಬದಲಿಸಬೇಕು. ಈ ಮನೆಯಲ್ಲಿ ಹಳೆಯ ಆಧಾರದ 20 ಸೆಂಟ್ಸ್ ರೀಸರ್ವೆಯಲ್ಲಿ 19.4 ಆಗಿತ್ತು. ಆ ಅರ್ಧ ಸೆಂಟ್ಸಿನ ತಕರಾರು ಆಗಲೇ ಬಗೆಹರಿಸಿದ್ದು ಒಳ್ಳೆಯದಾಯಿತು. ಕೊಳ್ಳುವವರ ಬ್ಯಾಂಕಿನ ವಕೀಲರು ಮೊದಲು ತಾಳೆ ನೋಡುವುದೇ ಅದನ್ನು.

ಇನ್ನೊಂದು. 30 ಲಕ್ಷ ಮತ್ತು ಮೇಲಿನ ಸ್ಥಿರಾಸ್ತಿ ವ್ಯವಹಾರಗಳ ಮಾಹಿತಿ ನೋಂದಣಿ ಕಚೇರಿಯಿಂದ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ. ದಾನವೂ ಕೆಲವೊಮ್ಮೆ ಎಐಎಸ್‌ನಲ್ಲಿ (ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ಅಪ್ಪನ ಕಡೆ 'ಮಾರಾಟ', ಮಗನ ಕಡೆ 'ಖರೀದಿ' ಎಂದು ಬಂದು ಕೂರುತ್ತದೆ. ಗಾಬರಿ ಬೇಡ, ಸುಮ್ಮನಿರುವುದೂ ಬೇಡ. ಪೋರ್ಟಲ್‌ನಲ್ಲಿ ಆ ಸಾಲಿನ ಎದುರು ಮಾಹಿತಿ ಸರಿಯಿಲ್ಲವೆಂದು ದಾಖಲಿಸಿ, ದಾನಾಧಾರದ ಪ್ರತಿ ಕೈಯಲ್ಲಿಟ್ಟುಕೊಳ್ಳಬೇಕು.

2025ರ ನವೆಂಬರ್: ಮಾರಾಟ

ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ಇಬ್ಬರೂ ಬೆಂಗಳೂರಿಗೆ ಹೋದರು. ಮುಚ್ಚಿದ ಮನೆಗೆ ಗೆದ್ದಲು. ದಾನವಾಗಿ 23 ತಿಂಗಳಿಗೆ ಮಗ 54 ಲಕ್ಷಕ್ಕೆ ಮಾರಲು ಹೊರಟ.

ಇಲ್ಲಿ ಎರಡು ತಪ್ಪು ಲೆಕ್ಕ ಒಟ್ಟಿಗೆ ಬಂದವು. ಒಂದು, 'ಎರಡು ವರ್ಷ ಆಗಿಲ್ಲ, ಅಲ್ಪಾವಧಿ ಲಾಭವಾಗುತ್ತದೆ, ಇನ್ನೊಂದು ತಿಂಗಳು ಕಾಯಿರಿ.' ಎರಡು, 'ದಾನಾಧಾರದಲ್ಲಿ 42 ಲಕ್ಷ ಇದೆಯಲ್ಲ, ಲಾಭ ಬರೀ 12 ಲಕ್ಷ.' ಎರಡೂ ಅಲ್ಲ. ದಾನವಾಗಿ ಬಂದ ಆಸ್ತಿಗೆ ಅಪ್ಪನ ಕಾಲವೂ ಮಗನಿಗೇ ಸೇರುತ್ತದೆ. 1988ರಿಂದ ಎಣಿಸಿದರೆ 37 ವರ್ಷ, ದೀರ್ಘಾವಧಿಯೇ. ಹಾಗೆಯೇ ಅಪ್ಪನ ಖರ್ಚೇ ಮಗನ ಖರ್ಚು, 49(1) ಕಲಂ. ದಾನಾಧಾರದ 42 ಲಕ್ಷ ಸ್ಟಾಂಪ್ ಡ್ಯೂಟಿಗೆ ಬರೆದ ಅಂಕಿ. ಅದನ್ನು ಯಾರೂ ಯಾರಿಗೂ ಕೊಟ್ಟಿಲ್ಲ.

ಹಾಗಾದರೆ ಅಪ್ಪನ ಖರ್ಚು ಎಷ್ಟು? 1988 ಮತ್ತು 1993ರ ಅಂಕಿ ಕೂಡಿದರೆ 3 ಲಕ್ಷ. ಆದರೆ 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಆಸ್ತಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳುವ ಆಯ್ಕೆಯಿದೆ. ಆ ದಿನದ ಸ್ಟಾಂಪ್ ಮೌಲ್ಯ ಲಭ್ಯವಿದ್ದರೆ ಅದನ್ನು ದಾಟುವಂತಿಲ್ಲ. ಕೇರಳದಲ್ಲಿ ಫೇರ್ ವ್ಯಾಲ್ಯೂ ಜಾರಿಗೆ ಬಂದದ್ದೇ 2010ರಲ್ಲಿ. ಹಾಗಾಗಿ 2001ಕ್ಕೆ ರಿಜಿಸ್ಟರ್ಡ್ ವ್ಯಾಲ್ಯುವರ್ ಕೊಡುವ ವರದಿಯೇ ಆಧಾರಸ್ತಂಭ.

ವ್ಯಾಲ್ಯುವರ್ ಮಾಡಿದ್ದು ಇಷ್ಟು: ಅದೇ ವಿಲ್ಲೇಜಿನ 2000–2001ರ ನಾಲ್ಕು ಕ್ರಯಾಧಾರಗಳ ದೃಢೀಕೃತ ಪ್ರತಿ ತೆಗೆಸಿ, ರಸ್ತೆಬದಿಯ ಜಾಗಕ್ಕೆ ಸೆಂಟ್ಸಿಗೆ 20,000 ಹಿಡಿದರು; ಜಾಗ 4 ಲಕ್ಷ. ಕಟ್ಟಡಕ್ಕೆ ಆಗಿನ ಕಟ್ಟುವ ದರ ಚದರಡಿಗೆ 350ರಂತೆ 4,72,500. ಎಂಟು ವರ್ಷದ ಸವಕಳಿ ಶೇ. 15 ಕಳೆದು, ದುಂಡಗೆ 4 ಲಕ್ಷ. ಒಟ್ಟು 8 ಲಕ್ಷ. ಆ ಕಾಲದ ಆಧಾರಗಳಲ್ಲಿ ಬೆಲೆ ಕಡಿಮೆ ಬರೆಯುವ ಅಭ್ಯಾಸ ಇತ್ತಾದ್ದರಿಂದ ಒಂದೇ ಆಧಾರ ಹಿಡಿದು ಕೂತರೆ ನಷ್ಟ. ಹಾಗೆಂದು ಸೆಂಟ್ಸಿಗೆ 60,000 ಎಂದು ಬರೆಸಿದರೆ ಅಧಿಕಾರಿ ಇಲಾಖೆಯ ಮೌಲ್ಯಮಾಪಕರಿಗೆ ಒಪ್ಪಿಸಬಹುದು, ಆಗ ವರ್ಷಗಟ್ಟಲೆ ಅಲೆದಾಟ.

2012ರ 5 ಲಕ್ಷವೂ ಸೇರುತ್ತದೆ, ಹಿಂದಿನ ಮಾಲೀಕ ಮಾಡಿದ ಸುಧಾರಣೆಯೂ ಲೆಕ್ಕಕ್ಕೆ ಬರುತ್ತದೆ. ಅಪ್ಪ ಪಂಚಾಯತಿನ ಪರವಾನಗಿ, ಸಿಮೆಂಟು–ಕಬ್ಬಿಣದ ಬಿಲ್ಲು, ಕಂಟ್ರಾಕ್ಟರನಿಗೆ ಕೊಟ್ಟ ಚೆಕ್ಕಿನ ಅರ್ಧಗಳನ್ನು ಕಪಾಟಿನ ಕೆಳಗಿನ ಅರೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ರಬ್ಬರ್ ಕರಗಿ ಕಾಗದಕ್ಕೆ ಅಂಟಿತ್ತು, ಆದರೂ ಓದಲು ಬರುತ್ತಿತ್ತು. ಬಣ್ಣ ಬಳಿಸಿದ್ದು, ಮಳೆ ಸೋರುವುದಕ್ಕೆ ತೇಪೆ ಹಾಕಿದ್ದು ಸುಧಾರಣೆಯಲ್ಲ, ಅದನ್ನು ಸೇರಿಸಬಾರದು.

ಈಗ ಲೆಕ್ಕ. 2024ರ ಜುಲೈ 23ರಿಂದ ಈಚಿನ ಮಾರಾಟಕ್ಕೆ ಇಂಡೆಕ್ಸೇಶನ್ (ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಹಳೆಯ ಖರ್ಚನ್ನು ಹಿಗ್ಗಿಸುವುದು) ಇಲ್ಲದೆ ಶೇ. 12.5. ಆ ದಿನಕ್ಕಿಂತ ಮೊದಲು ಪಡೆದ ಜಾಗ–ಕಟ್ಟಡಕ್ಕೆ, ಮಾರುವವರು ಭಾರತದಲ್ಲಿ ನಿವಾಸಿಯಾಗಿದ್ದರೆ, ಹಳೆಯ ಕ್ರಮದ ಶೇ. 20 ಇಂಡೆಕ್ಸೇಶನ್ ಸಹಿತದ ತೆರಿಗೆ ಕಡಿಮೆ ಬಂದಲ್ಲಿ ಅಷ್ಟೇ ಕಟ್ಟಿದರೆ ಸಾಕು. ಸೂಚ್ಯಂಕ 2001-02ಕ್ಕೆ 100, 2012-13ಕ್ಕೆ 200, 2025-26ಕ್ಕೆ 376.

8,00,000ಕ್ಕೆ 3.76 ಪಟ್ಟು ಎಂದರೆ 30,08,000. 5,00,000ಕ್ಕೆ 1.88 ಪಟ್ಟು, 9,40,000. ಕೂಡಿದರೆ 39,48,000. ದಲ್ಲಾಳಿಗೆ ಬ್ಯಾಂಕ್ ಮೂಲಕ ಕೊಟ್ಟ ಶೇ. 1ರ ಕಮಿಷನ್ 54,000. ಐವತ್ತನಾಲ್ಕು ಲಕ್ಷದಿಂದ ಎರಡನ್ನೂ ಕಳೆದರೆ ಲಾಭ 13,98,000, ಅದರ ಶೇ. 20 ಎಂದರೆ 2,79,600. ಹೊಸ ಕ್ರಮದಲ್ಲಿ ಲಾಭ 40,46,000, ಶೇ. 12.5ರಂತೆ 5,05,750. ಕಡಿಮೆಯದ್ದೇ ತೆರಿಗೆ, ಶೇ. 4 ಸೆಸ್ ಸೇರಿ 2,90,784.

ಕಪಾಟಿನ ಕಾಗದ ಇಲ್ಲದಿದ್ದರೆ? ವ್ಯಾಲ್ಯುವರ್ ವರದಿ ಇಲ್ಲ, 2012ರ ಬಿಲ್ಲು ಇಲ್ಲ, ಖರ್ಚು 3 ಲಕ್ಷ ಮಾತ್ರ ಎಂದಾಗ ಶೇ. 12.5ರ ತೆರಿಗೆಯೇ 6,30,750. ಮೇಲಾಗಿ ಸಂಬಳ ಸೇರಿ ಒಟ್ಟು ಆದಾಯ 50 ಲಕ್ಷ ದಾಟಿ ಸರ್ಚಾರ್ಜೂ ಬೀಳುತ್ತದೆ. ಸರ್ಚಾರ್ಜ್, ಸೆಸ್ ಬಿಟ್ಟೇ 3,51,150 ರೂಪಾಯಿ ವ್ಯತ್ಯಾಸ. 2023ರ ಕ್ರಯದ ಲೆಕ್ಕದಲ್ಲಿ ಕಂಡ ಆ ಎರಡು ಅಂಕಿಗಳ ಗುಟ್ಟೂ ಇದೇ.

ಮಾರಾಟದ ಹೊತ್ತಿಗೆ ಸಣ್ಣ ಸಣ್ಣ ಮುಳ್ಳುಗಳು ಚುಚ್ಚಿದವು. ವಾಸದ ಹಕ್ಕು ಅಪ್ಪ ಅಮ್ಮನದಾದ್ದರಿಂದ ಅವರ ಸಹಿ ಇಲ್ಲದೆ ಕ್ರಯ ನಡೆಯದು. ಹಕ್ಕು ಬಿಟ್ಟುಕೊಡುತ್ತೇವೆ ಎಂದು ಇಬ್ಬರೂ ಕ್ರಯಾಧಾರದಲ್ಲೇ ಒಪ್ಪಿ ಸಹಿ ಹಾಕಿದರು, ಪ್ರತಿಫಲ ಪಡೆಯದೆ. ಹಣ ಪೂರ್ತಿ ಮಗನ ಖಾತೆಗೇ ಬರಬೇಕು. ಅರ್ಧ ಅಪ್ಪನ ಖಾತೆಗೆ ಹಾಕಿಸಿದರೆ ಅವರೂ ಮಾರಿದವರಾಗಿಬಿಡುತ್ತಾರೆ. ಕೊಳ್ಳುವವರು ಹಳೆಮನೆ ಕೆಡವಿ ಖಾಲಿ ಜಾಗ ಕೊಡಿ ಎಂದಿದ್ದರು, ಅದಕ್ಕೆ ಒಪ್ಪಬಾರದು. ಮನೆ ಮಾರಿದರೆ ಲಾಭದಷ್ಟು ಹಣವನ್ನು ಇನ್ನೊಂದು ಮನೆಗೆ ಹಾಕಿದರೂ 54ನೇ ಕಲಂ ವಿನಾಯಿತಿ ಸಿಗುತ್ತದೆ. ಖಾಲಿ ಜಾಗ ಮಾರಿದರೆ 54ಎಫ್. ಅದರಲ್ಲಿ ಪೂರ್ಣ ವಿನಾಯಿತಿಗೆ ಬಂದ ಹಣ ಪೂರ್ತಿ ಹಾಕಬೇಕು, ಆ ದಿನ ಬೇರೆ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ಕೆಡವುವ ಕೆಲಸ ನೋಂದಣಿಯಾದ ಮರುದಿನ ಕೊಳ್ಳುವವರೇ ಮಾಡಿಕೊಳ್ಳಲಿ.

ಬೆಲೆ 50 ಲಕ್ಷ ಮತ್ತು ಮೇಲಾದ್ದರಿಂದ ಕೊಳ್ಳುವವರು ಶೇ. 1, ಅಂದರೆ 54,000 ಟಿಡಿಎಸ್ ಮುರಿದು 26ಕ್ಯೂಬಿ ಫಾರ್ಮ್ ಮೂಲಕ ಮಗನ ತೆರಿಗೆಯ ಲೆಕ್ಕಕ್ಕೆ ಕಟ್ಟಿದರು. ಮಗ ಹೊಸ ಮನೆ ಕೊಳ್ಳುವವನಲ್ಲ. ಲಾಭದ ತೆರಿಗೆ ಉಳಿಸುವ 54ಇಸಿ ಬಾಂಡ್‌ಗೆ ಆರು ತಿಂಗಳೊಳಗೆ 50 ಲಕ್ಷದವರೆಗೆ ಹಾಕಬಹುದಿತ್ತು, ಆದರೆ ಹಣ ಐದು ವರ್ಷ ಕೈಗೆ ಸಿಗುವುದಿಲ್ಲ. ಆಸ್ಪತ್ರೆಯ ಖರ್ಚು ಎದುರಿಗಿರುವ ಮನೆಗೆ ಅದು ಸಲ್ಲದು. ಬಾಕಿ 2,36,784ನ್ನು ಮುಂಗಡ ತೆರಿಗೆಯ ಡಿಸೆಂಬರ್ 15 ಮತ್ತು ಮಾರ್ಚ್ 15ರ ಕಂತುಗಳಲ್ಲಿ ಕಟ್ಟಿ ಮುಗಿಸಿದ.

ಮಗಳಿಗೇ ಕೊಟ್ಟಿದ್ದರೆ

ಇದನ್ನು ಕೇಳದ ಮನೆಯಿಲ್ಲ, ಗಲ್ಫಿನಲ್ಲಿ ಒಬ್ಬರಾದರೂ ಇರುವ ಊರಿದು. ದಾನದ ದಿನ ಫಲ ಒಂದೇ, ತೆರಿಗೆ ಇಲ್ಲ. ಮಾರುವ ದಿನ ಬೇರೆ. ಮಾರುವ ವರ್ಷ ಆಕೆ ಅನಿವಾಸಿಯಾಗಿದ್ದರೆ ಇಂಡೆಕ್ಸೇಶನ್ ಆಯ್ಕೆ ಇಲ್ಲ, ತೆರಿಗೆ 5,05,750ರ ಮೇಲೆ ಸೆಸ್ ಸೇರಿ 5,25,980. ಅಣ್ಣ ಕಟ್ಟಿದ್ದಕ್ಕಿಂತ 2,35,196 ಹೆಚ್ಚು. ಟಿಡಿಎಸ್ ಇನ್ನೂ ಬಿಗಿ. 195ನೇ ಕಲಮಿನಡಿ ಕೊಳ್ಳುವವರು ಸಾಮಾನ್ಯವಾಗಿ ಪೂರ್ತಿ 54 ಲಕ್ಷದ ಮೇಲೆ ಶೇ. 12.5, ಸರ್ಚಾರ್ಜ್ ಶೇ. 10, ಸೆಸ್ ಶೇ. 4 ಹಿಡಿದು 7,72,200 ಮುರಿಯುತ್ತಾರೆ. ನೋಂದಣಿಗೆ ಮೊದಲೇ ಫಾರ್ಮ್ 13 ಹಾಕಿ ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ದರೆ ಹೆಚ್ಚುವರಿ ಹಣ ರಿಫಂಡ್ ಬರುವವರೆಗೆ ಸಿಕ್ಕಿಬೀಳುತ್ತದೆ.

ಇನ್ನೂ ಒಂದು ತೊಡಕು ನಮ್ಮ ಕಡೆಯದೇ. ಇಲ್ಲಿ ಮನೆ ಎಂದರೆ ಅಡಿಕೆ ತೋಟದ ನಡುವಿನ ಮನೆ. ಅನಿವಾಸಿಗಳು ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್‌ಗಳನ್ನು ದಾನವಾಗಿ ಪಡೆಯುವುದಕ್ಕೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಬಿಡುವುದಿಲ್ಲ, ವಾರಸುದಾರಿಕೆಯಲ್ಲಿ ಪಡೆಯಬಹುದು. ಅಂಥ ಜಾಗ ಮಗಳಿಗೆ ಎಂದಾದರೆ ದಾನಾಧಾರ ಅಲ್ಲ, ಉಯಿಲು.

ಈ ಮಾರಾಟ ನಡೆದದ್ದು 2025-26ರಲ್ಲಿ, ಆದ್ದರಿಂದ ಲೆಕ್ಕವೆಲ್ಲ 1961ರ ಕಾಯ್ದೆಯದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಕಲಂಗಳ ಸಂಖ್ಯೆ ಬದಲಾಗಿದೆ. ಹಳೆಯ ಸಂಖ್ಯೆ ಹೇಳಿ ಹೊಸ ವರ್ಷದ ಅರ್ಜಿ ತುಂಬಬಾರದು. ರಿಟರ್ನ್‌ಗೆ ಐಟಿಆರ್-2. ಪರಿಶೀಲನೆಗೆ ಬಂದರೆ ಅದನ್ನು ನೋಡುವ ಅಧಿಕಾರಿ ದೇಶದ ಯಾವ ಊರಿನಲ್ಲೂ ಇರಬಹುದು, ಮುಖ ಕಾಣುವ ಪದ್ಧತಿ ಈಗಿಲ್ಲ. 1988ರ ಆಧಾರ ಇರುವುದು ಕನ್ನಡದಲ್ಲಿ, ಅದೂ ಕೈಬರಹ. ಅದಕ್ಕೊಂದು ಇಂಗ್ಲಿಷ್ ಅನುವಾದ ಮಾಡಿಸಿ, ವ್ಯಾಲ್ಯುವರ್ ವರದಿ, ದಾನಾಧಾರ, 2012ರ ಬಿಲ್ಲುಗಳ ಜೊತೆ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ರಬ್ಬರ್ ಬ್ಯಾಂಡಿನ ಬದಲು ಈ ಸಲ ದಾರ ಕಟ್ಟಿದೆ.